ಅಪ್‌ಗ್ರೇಡ್ ಆದಮೇಲೆ ಡಿಸ್ಕ್ ತೊಂದರೆ: ಅಡ್ಮಿನ್ ಅವರನ್ನು ಕೇಳಿ

ಹೊಸ ಸದಸ್ಯ: ಸರ್, ನಮಸ್ತೆ. ಲಿನಕ್ಸ್ ಅಪ್‌ಗ್ರೇಡ್ ಮುಗಿಸಿ ರೀಬೂಟ್ ಮಾಡಿದರೆ ಎಮರ್ಜೆನ್ಸಿ ಮೋಡ್‌ಗೆ ಬಂದು ನಿಲ್ಲುತ್ತೆ. ಎರಡನೇ ಡಿಸ್ಕ್ ಮೌಂಟ್ ಆಗಲಿಲ್ಲ ಅನ್ನುತ್ತೆ. ಫೈಲ್ ಸಿಸ್ಟಮ್ ಹಾಳಾಯ್ತಾ?

ಅಡ್ಮಿನ್: ನಮಸ್ತೆ. ಹಾಳಾಗಿರಲಿಕ್ಕಿಲ್ಲ. ಬೂಟ್ ಆಗುವಾಗ ಯಾವ ಡಿಸ್ಕ್ ಮೌಂಟ್ ಆಗಬೇಕು ಅನ್ನೋ ಪಟ್ಟಿ, ಅಂದರೆ ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ1 ಅಂತ ಬರೆದಿದ್ದೀರಾ ನೋಡಿ. ಹೊಸ ಕರ್ನಲ್ ಡಿಸ್ಕ್‌ಗಳನ್ನು ಬೇರೆ ಕ್ರಮದಲ್ಲಿ ಗುರುತಿಸಿದರೆ ಆ ಹೆಸರು ಬದಲಾಗುತ್ತೆ. ರೂಟ್ ಆಗಿ ಲಾಗಿನ್ ಆಗಿ, ಬಿಎಲ್‌ಕೆಐಡಿ ಕಮಾಂಡ್ ತೋರಿಸುವ ಯುಯುಐಡಿಯನ್ನು (ಕ್ರಮ ಬದಲಾದರೂ ಬದಲಾಗದ ಗುರುತು) ಆ ಹೆಸರಿನ ಬದಲು ಆ ಸಾಲಿಗೆ ಹಾಕಿ. ಬೂಟ್‌ಗೆ ಬೇಡದ ಡಿಸ್ಕಾದರೆ ನೋಫೇಲ್ ಕೂಡ ಸೇರಿಸಿ, ಡಿಸ್ಕ್ ಸಿಗದಿದ್ದರೂ ಬೂಟ್ ನಿಲ್ಲಲ್ಲ.

ಟರ್ಮಿನಲ್ ಪ್ರಿಯ: ನನ್ನದು ಬೇರೆ ಥರ ಸರ್. ಹೊಸ ಆವೃತ್ತಿ ಹಾಕುವಾಗ ಹೋಮ್ ಪಾರ್ಟಿಷನ್ನನ್ನು ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿದ್ದೆ. ಈಗ ಇದ್ದಕ್ಕಿದ್ದಂತೆ ರೀಡ್-ಓನ್ಲಿ ಆಗುತ್ತೆ, ಕರ್ನಲ್ ಲಾಗ್ ತುಂಬ ಐ/ಒ ಎರರ್ (ಡಿಸ್ಕ್ ಓದು-ಬರಹದ ದೋಷ). ಹಳೇ ರೆಸ್ಕ್ಯೂ ಪೆನ್‌ಡ್ರೈವ್‌ನಿಂದ ಇ2ಎಫ್‌ಎಸ್‌ಸಿಕೆ (ಇಎಕ್ಸ್‌ಟಿ4ರ ಎಫ್‌ಎಸ್‌ಸಿಕೆ, ಫೈಲ್ ಸಿಸ್ಟಮ್ ಪರೀಕ್ಷಿಸಿ ರಿಪೇರಿ ಮಾಡುವ ಸಾಧನ) ಓಡಿಸಿದರೆ ‘ಫೀಚರ್ ಸಿ12’ ಗೊತ್ತಿಲ್ಲ ಅಂತ ನಿಲ್ಲುತ್ತೆ. ಫಾರ್ಮ್ಯಾಟ್ ಆದಮೇಲೆ ಮಾಡಿದ ಕೆಲಸಕ್ಕೆ ಬ್ಯಾಕಪ್ ಇಲ್ಲ.

ಅಡ್ಮಿನ್: ಇಲ್ಲಿ ಎರಡು ತೊಂದರೆ ಒಂದರ ಮೇಲೊಂದು ಕೂತಿವೆ, ಬಿಡಿಸಿ ನೋಡಿ. ಸಿ12 ಅನ್ನೋದು ಆರ್ಫನ್ ಫೈಲ್ ಎಂಬ ಸೌಲಭ್ಯ. ಇ2ಎಫ್‌ಎಸ್‌ಸಿಕೆ ಇರುವ ಪ್ಯಾಕೇಜ್ ಇ2ಎಫ್‌ಎಸ್‌ಪ್ರಾಗ್ಸ್‌ನ ಆವೃತ್ತಿ 1.47ರಿಂದ ಹೊಸದಾಗಿ ಫಾರ್ಮ್ಯಾಟ್ ಮಾಡಿದರೆ ತಾನಾಗೇ ಬರುತ್ತೆ. ಬರೀ ಅಪ್‌ಗ್ರೇಡ್‌ನಿಂದ ಬರಲ್ಲ. 1.46ಕ್ಕೆ ಅದರ ಹೆಸರೇ ಗೊತ್ತಿಲ್ಲ, ಹಾಗಾಗಿ ಮುಟ್ಟದೆ ಬಿಡುತ್ತೆ. 1.47 ಇರುವ ಪೆನ್‌ಡ್ರೈವ್ ಮಾಡಿಕೊಂಡರೆ ಅದು ಮುಗಿಯಿತು.

ನನಗೆ ಚಿಂತೆ ಐ/ಒ ಎರರ್‌ದು. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲಾಗದೆ ಉಳಿದ ಜಾಗ) ಎಷ್ಟಿದೆ? ಅದು ಸೊನ್ನೆಯಾಗಿದ್ದು ಸಿಆರ್‌ಸಿ ಎರರ್ (ಡೇಟಾ ಸಾಗುವಾಗಿನ ದೋಷ) ಮಾತ್ರ ಏರುತ್ತಿದ್ದರೆ ಮೊದಲು ಸಾಟಾ ಕೇಬಲ್ ಬದಲಿಸಿ. ಪೆಂಡಿಂಗ್ ಇದ್ದರೆ ಎಫ್‌ಎಸ್‌ಸಿಕೆ ಹತ್ತಿರವೂ ಹೋಗಬೇಡಿ. ಓದಲಾಗದ ಬ್ಲಾಕಿನಲ್ಲಿ ಡೈರೆಕ್ಟರಿ ಇದ್ದರೆ ಅದು ಆ ಕೊಂಡಿಯನ್ನೇ ಕಿತ್ತುಹಾಕಿ ಫೈಲ್‌ಗಳನ್ನು ಲಾಸ್ಟ್+ಫೌಂಡ್‌ಗೆ ತಳ್ಳುತ್ತೆ. ಅಲ್ಲಿ ಹೆಸರಿರಲ್ಲ, ಐನೋಡ್ ನಂಬರ್ (ಫೈಲ್ ಸಿಸ್ಟಮ್ ಒಳಗೆ ಬಳಸುವ ಫೈಲ್ ಸಂಖ್ಯೆ) ಮಾತ್ರ. ಮೊದಲು ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂಗೆ -ಡಿ -ಎನ್ ಕೊಟ್ಟು ಪಾರ್ಟಿಷನ್ನಿನ ಇಮೇಜ್ ಬೇರೆ ಡಿಸ್ಕಿಗೆ ತೆಗೆಯಿರಿ, ಎಲ್ಲಿಯವರೆಗೆ ಓದಿತು ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಡೋದು ಮರೀಬೇಡಿ. ಅದೇ ಮ್ಯಾಪ್ ಫೈಲ್ ಇಟ್ಟು -ಡಿ -ಆರ್3 ಇನ್ನೊಂದು ಸಲ, ಓದಲಾಗದ ಜಾಗವನ್ನು ಮತ್ತೆ ಮೂರು ಸಲ ಪ್ರಯತ್ನಿಸುತ್ತೆ. ಇಮೇಜಿಗೂ ಒಂದು ಪ್ರತಿ ಮಾಡಿ, ಆ ಪ್ರತಿಯ ಮೇಲೆ ಇ2ಎಫ್‌ಎಸ್‌ಸಿಕೆ -ಎಫ್‌ಎನ್ (ಏನನ್ನೂ ಬದಲಿಸದ ಪರೀಕ್ಷೆ) ಓಡಿಸಿ ಏನೆನ್ನುತ್ತೆ ಓದಿ. ರಿಪೇರಿ ಅದಾದ ಮೇಲೆ, ಪ್ರತಿಯ ಮೇಲೆಯೇ.

ಸದಸ್ಯ 3: ಫಾರ್ವರ್ಡ್ ಬಂದಿತ್ತು: ‘ಯಾವ ಡಿಸ್ಕಾದರೂ ಎಫ್‌ಎಸ್‌ಸಿಕೆ -ವೈ ಹೊಡೀರಿ, ಅನ್‌ಮೌಂಟ್ ಬೇಕಿಲ್ಲ. ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಆದರೆ ಎಕ್ಸ್‌ಎಫ್‌ಎಸ್ ರಿಪೇರ್‌ಗೆ ದೊಡ್ಡಕ್ಷರದ ಎಲ್.’

ಅಡ್ಮಿನ್: ದಯವಿಟ್ಟು ಇದನ್ನು ಹಂಚಬೇಡಿ. ಮೌಂಟ್ ಆದ ಡಿಸ್ಕಿಗೆ ಕರ್ನಲ್ ಒಂದು ಕಡೆಯಿಂದ, ಎಫ್‌ಎಸ್‌ಸಿಕೆ ಇನ್ನೊಂದು ಕಡೆಯಿಂದ ಬರೆದರೆ ಚೆನ್ನಾಗಿದ್ದದ್ದೂ ಕೆಡುತ್ತೆ. ಆ ಎಲ್ ಎಕ್ಸ್‌ಎಫ್‌ಎಸ್‌ನ ಲಾಗನ್ನೇ (ಬದಲಾವಣೆಗಳ ದಾಖಲೆ) ಅಳಿಸಿಹಾಕುತ್ತೆ, ಡಿಸ್ಕಿಗೆ ಇನ್ನೂ ಇಳಿಯದ ಬದಲಾವಣೆಗಳೆಲ್ಲ ಹೋಗುತ್ತವೆ. ಒಮ್ಮೆ ಮೌಂಟ್ ಮಾಡಿ ಅನ್‌ಮೌಂಟ್ ಮಾಡಿದರೆ ಲಾಗ್ ತಾನೇ ತೀರುತ್ತೆ. ಮೌಂಟೇ ಆಗದಿದ್ದಾಗ ಮಾತ್ರ ಎಲ್, ಅದೂ ಇಮೇಜ್ ತೆಗೆದ ಮೇಲೆ.

ಸದಸ್ಯ 4: ಫ್ರೀಬಿಎಸ್‌ಡಿ ಅಪ್‌ಗ್ರೇಡ್ ಮಾಡಿ ಜಡ್‌ಎಫ್‌ಎಸ್ ಫೈಲ್ ಸಿಸ್ಟಮ್‌ಗೆ ಜಡ್‌ಪೂಲ್ ಅಪ್‌ಗ್ರೇಡ್ ಕೂಡ ಕೊಟ್ಟೆ, ಈಗ ಬೂಟ್ ಆಗ್ತಿಲ್ಲ. ಏನು ಮಾಡಲಿ?

ಸದಸ್ಯ 5: ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ ಹಾಕಿದ್ದರೆ ಈ ಗೋಳೇ ಇರ್ತಿರಲಿಲ್ಲ. ಡೇಟಾ ಕೆಟ್ಟಿದೆಯಾ ಅಂತ ತಾಳೆ ನೋಡೋ ಚೆಕ್‌ಸಮ್ ಇದೆ.

ಟರ್ಮಿನಲ್ ಪ್ರಿಯ: ಚೆಕ್‌ಸಮ್ ತಪ್ಪು ಹಿಡಿಯುತ್ತೆ ಅಷ್ಟೇ. ಎರಡನೇ ಪ್ರತಿ ಇಲ್ಲದೆ ಎಲ್ಲಿಂದ ಸರಿ ಮಾಡುತ್ತೆ?

ಸದಸ್ಯ 5: ಇಎಕ್ಸ್‌ಟಿ4ಗೆ ಡೇಟಾದ ತಪ್ಪು ಹಿಡಿಯೋದಕ್ಕೂ ಬರಲ್ಲ. ಅದನ್ನು ಒಪ್ಪಿಕೊಳ್ಳಿ ಮೊದಲು.

ಸದಸ್ಯ 3: ಬಿಟಿಆರ್‌ಎಫ್‌ಎಸ್ ಕೆಟ್ಟರೆ ಚೆಕ್ ರಿಪೇರ್ ಕೊಟ್ಟರಾಯ್ತಲ್ಲ?

ಅಡ್ಮಿನ್: ತಿಳಿದವರು ಹೇಳದೆ ಅದನ್ನು ಬಳಸಬೇಡಿ ಅಂತ ಅದರ ಮ್ಯಾನ್ಯುಯಲ್ ಪುಟದಲ್ಲೇ ಎಚ್ಚರಿಕೆ ಇದೆ. ಓದದೆ ಸಲಹೆ ಕೊಡಬೇಡಿ.

ಸದಸ್ಯ 6: ಎಮರ್ಜೆನ್ಸಿ ಮೋಡ್‌ಗೆ ಹೋಗ್ತಿದೆ, ಹೆಲ್ಪ್ ಮಾಡಿ.

ಅಡ್ಮಿನ್: ಮೇಲಿನ ನನ್ನ ಮೊದಲ ಉತ್ತರ ನೋಡಿ.

ಸದಸ್ಯ 7: ‘ಬ್ಯಾಡ್ ಮ್ಯಾಜಿಕ್ ನಂಬರ್’ ಬರ್ತಿದೆ. ಬ್ಯಾಕಪ್ ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಮೂಲ ವಿವರದ ಪ್ರತಿ) 32768 ಕೊಡಲಾ?

ಅಡ್ಮಿನ್: ಬೇಡ. ಪಾರ್ಟಿಷನ್ ಎಸ್‌ಡಿಎ1 ಬದಲು ಇಡೀ ಡಿಸ್ಕ್ ಎಸ್‌ಡಿಎ ಕೊಟ್ಟಿದ್ದೀರಾ, ಒಳಗೆ ನೇರ ಫೈಲ್ ಸಿಸ್ಟಮ್ ಬದಲು ಎಲ್‌ವಿಎಂ ಪದರ ಇದೆಯಾ ಅಂತ ಎಲ್‌ಎಸ್‌ಬಿಎಲ್‌ಕೆ -ಎಫ್‌ನಲ್ಲಿ ನೋಡಿ.

ಸದಸ್ಯ 4: ನನ್ನ ಪ್ರಶ್ನೆ ಯಾರಿಗೂ ಕಾಣ್ತಿಲ್ವಾ?

ಸದಸ್ಯ 5: ಇಎಕ್ಸ್‌ಟಿ4 ಅಭಿಮಾನಿಗಳು ಉತ್ತರ ಕೊಡಲಿಲ್ಲ ನೋಡಿ.

ಟರ್ಮಿನಲ್ ಪ್ರಿಯ: ನನ್ನ ಡಿಸ್ಕ್ ಸಾಯ್ತಾ ಇದೆ, ನಿಮಗೆ ವಾದದ ಚಟ. ಸರ್, ಪೆಂಡಿಂಗ್ 24, ಸಿಆರ್‌ಸಿ ಸೊನ್ನೆ. ಲೈವ್ ಸಿಸ್ಟಮ್‌ನಲ್ಲಿ ಡಿಡಿರೆಸ್ಕ್ಯೂ ಶುರು ಮಾಡಿದ್ದೀನಿ, ಮ್ಯಾಪ್ ಫೈಲ್ ಅದರ ಹೋಮ್ ಫೋಲ್ಡರ್‌ನಲ್ಲಿದೆ.

ಅಡ್ಮಿನ್: ಅದು ರ್‍ಯಾಮ್‌ನಲ್ಲಿದೆ, ಕರೆಂಟ್ ಹೋದರೆ ಮ್ಯಾಪ್ ಫೈಲೂ ಹೋಗುತ್ತೆ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಮ್ಯಾಪ್ ಫೈಲನ್ನು ಇಮೇಜ್ ಇರುವ ಡಿಸ್ಕಿಗೆ ಹಾಕಿ, ಅದೇ ಕಮಾಂಡ್‌ನಲ್ಲಿ ಹೊಸ ಜಾಗ ಕೊಟ್ಟು ಓಡಿಸಿ. ನಿಲ್ಲಿಸಿದ ಕಡೆಯಿಂದಲೇ ಮುಂದುವರಿಯುತ್ತೆ.