ಊರಿನ ಪಿಸಿಗೆ ಬೆಂಗಳೂರಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಆಗ್ತಿಲ್ಲ, ಪೋರ್ಟ್ ಫಾರ್ವರ್ಡ್ ಮಾಡಿದ್ದೂ ಆಯ್ತು

ತುಂಗಾತೀರ:
ತಲೆ ಕೆಟ್ಟುಹೋಗಿದೆ. ತೀರ್ಥಹಳ್ಳಿ ಮನೆ ಪಿಸಿಯಲ್ಲಿ ಅಪ್ಪಯ್ಯ ಸ್ಕ್ಯಾನ್ ಮಾಡಿಟ್ಟ ಪಹಣಿ, ತೋಟದ ಲೆಕ್ಕ ಎಲ್ಲ ಇದೆ. ಇಲ್ಲಿಂದ ತೆಗೆಯೋಣ ಅಂದ್ರೆ ಟೈಮ್ ಔಟ್. ಎಸ್‌ಎಸ್‌ಎಚ್‌ನ ಪೋರ್ಟ್ 22ಕ್ಕೆ ಹೊರಗಿಂದ ಬಂದದ್ದು ಪಿಸಿಗೆ ಹೋಗೋ ಹಾಗೆ ರೂಟರ್‌ನಲ್ಲಿ ಫಾರ್ವರ್ಡ್ ಆಗಿದೆ, ಐಪಿ ಬದಲಾದ್ರೂ ಒಂದೇ ಹೆಸರಲ್ಲಿ ಸಿಗೋ ಹಾಗೆ ಡಿಡಿಎನ್‌ಎಸ್ ಇದೆ. ಇನ್ನೇನು ಬೇಕು?

ಪೆಂಗ್ವಿನ್‌ಪ್ರಿಯ:
ಫೈರ್‌ವಾಲ್. ಅದೇ ಹೊರಗಿನ ಕನೆಕ್ಷನ್ ತಡೀತಿರೋದು, ನೂರಕ್ಕೆ ನೂರು.

ತುಂಗಾತೀರ:
ಪಿಸಿಯಲ್ಲಿರೋದು ಉಬುಂಟು ಲಿನಕ್ಸ್, ಅದರ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಆಫ್ ಇದೆ. ಮನೆ ವೈಫೈನಲ್ಲಿ ತಂಗಿ ಲ್ಯಾಪ್‌ಟಾಪ್‌ನಿಂದ ಲಾಗಿನ್ ಆಗುತ್ತೆ.

ಪೆಂಗ್ವಿನ್‌ಪ್ರಿಯ:
ಹಾಗಾದ್ರೆ ರೂಟರ್‌ನ ಫೈರ್‌ವಾಲ್. ಪೂರ್ತಿ ಆಫ್ ಮಾಡಿಸಿ ನೋಡಿ.

ಘಟ್ಟದಕೆಳಗೆ:
ದಯವಿಟ್ಟು ಬೇಡ! ಮೊದಲು ಪಾಸ್‌ವರ್ಡ್ ಲಾಗಿನ್ ತೆಗೆದು, ಅದರ ಬದಲು ಕೀ ಫೈಲ್ (ಇಡಿ25519 ಮಾದರಿಯದ್ದು) ಹಾಕಿ. 22 ತೆರೆದಿದ್ರೆ ಬಾಟ್ ಪ್ರೋಗ್ರಾಂಗಳು ಹಗಲೂ ರಾತ್ರಿ ಪಾಸ್‌ವರ್ಡ್ ಊಹಿಸ್ತಾನೇ ಇರ್ತವೆ.

ಪೆಂಗ್ವಿನ್‌ಪ್ರಿಯ:
ಪೋರ್ಟನ್ನ 22ರಿಂದ 2222ಕ್ಕೆ ಬದಲಾಯಿಸಿದ್ರೆ ಸಾಕು ಸ್ವಾಮಿ.

ಘಟ್ಟದಕೆಳಗೆ:
ಸಾಕಾಗಲ್ಲ. ಲಾಗಿನ್ ಪ್ರಯತ್ನ ದಾಖಲಾಗೋ ಲಾಗ್ ಫೈಲ್ ಚಿಕ್ಕದಾಗುತ್ತೆ ಅಷ್ಟೇ. ಇಡೀ ಇಂಟರ್ನೆಟ್ ಸ್ಕ್ಯಾನ್ ಮಾಡೋರಿಗೆ 2222 ಗೊತ್ತಿಲ್ವಾ?

ಪೆಂಗ್ವಿನ್‌ಪ್ರಿಯ:
ನನ್ನ ಸರ್ವರ್ ವರ್ಷಗಟ್ಟಲೆ ಹಾಗೇ ಇದೆ, ಏನೂ ಆಗಿಲ್ಲ.

ಕಾಫಿಕಣ:
ಆ ಜಗಳ ಬೇರೆ ಎಳೆಯಲ್ಲಿ ಮಾಡಿ. ತುಂಗಾತೀರ ಅವರೇ, ರೂಟರ್ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ಎಷ್ಟಿದೆ?

ತುಂಗಾತೀರ:
ತಂಗಿ ನೋಡಿ ಹೇಳಿದ್ಲು, 100.78ರಿಂದ ಶುರು. ಹೋದ ತಿಂಗಳು ಫೈಬರ್ ಹಾಕಿಸೋ ತನಕ ಎಲ್ಲ ನಡೀತಿತ್ತು.

ಕಾಫಿಕಣ:
ಇದನ್ನೇ ಮೊದಲು ಹೇಳ್ಬೇಕಿತ್ತು! ಅದು ಸಿಜಿ-ನ್ಯಾಟ್, ಅಂದ್ರೆ ಇಂಟರ್ನೆಟ್ ಕಂಪನಿ ಒಂದೇ ಐಪಿಯನ್ನ ಹಲವರಿಗೆ ಹಂಚೋ ವ್ಯವಸ್ಥೆ. 100.64.0.0ಯಿಂದ 100.127.255.255ರ ತನಕದ ಐಪಿಗಳನ್ನ 2012ರಲ್ಲಿ ಇದಕ್ಕೇ ಮೀಸಲಿಟ್ಟಿದ್ದು. ಒಂದು ಪಬ್ಲಿಕ್ ಐಪಿಯಲ್ಲಿ ಹಲವು ಮನೆ ಇರ್ತವೆ. ಹೊರಗಿಂದ ಬಂದ ಕನೆಕ್ಷನ್ ಕಂಪನಿಯ ನ್ಯಾಟ್‌ನಲ್ಲೇ ನಿಲ್ಲುತ್ತೆ, ನಿಮ್ಮ ರೂಟರ್ ಮುಟ್ಟೋದೇ ಇಲ್ಲ. ದುಡ್ಡು ಕೊಟ್ಟು ನಿಮಗೇ ಮೀಸಲಾದ ಸ್ಟ್ಯಾಟಿಕ್ ಐಪಿ ತಗೊಳ್ಳಿ, ಇಲ್ಲಾ ಎರಡೂ ಕಡೆ ಟೇಲ್‌ಸ್ಕೇಲ್ (ನಿಮ್ಮ ಕಂಪ್ಯೂಟರ್‌ಗಳನ್ನ ಖಾಸಗಿ ನೆಟ್‌ವರ್ಕ್‌ನಲ್ಲಿ ಜೋಡಿಸೋ ಆಪ್) ಹಾಕಿ. ಅದರಲ್ಲಿ ಎರಡೂ ಕಡೆಯಿಂದ ಹೊರಕ್ಕೇ ಕನೆಕ್ಷನ್ ಹೋಗೋದ್ರಿಂದ ಫಾರ್ವರ್ಡಿಂಗೇ ಬೇಡ, ಒಳಗೆ ವೈರ್‌ಗಾರ್ಡ್ ಅನ್ನೋ ವಿಪಿಎನ್ ವಿಧಾನದ ಎನ್‌ಕ್ರಿಪ್ಷನ್. ಆ 22 ಫಾರ್ವರ್ಡ್ ರೂಲ್ ಅಳಿಸಿಬಿಡಿ.

ತುಂಗಾತೀರ:
ತಂಗಿ ಟೇಲ್‌ಸ್ಕೇಲ್ ಹಾಕಿದ್ಲು. ಅದೂ 100ರಿಂದ ಶುರುವಾಗೋ ಐಪಿನೇ ಕೊಡ್ತಿದೆಯಲ್ಲ?

ಕಾಫಿಕಣ:
ಹೌದು, ಅವರೂ ಅದೇ ರೇಂಜ್ ಬಳಸ್ತಾರೆ. ಟೇಲ್‌ಸ್ಕೇಲ್ ತೋರಿಸೋ ಐಪಿಗೇ ಎಸ್‌ಎಸ್‌ಎಚ್ ಮಾಡಿ, ವ್ಯಾನ್ ಐಪಿಗಲ್ಲ.

ತುಂಗಾತೀರ:
ಬಂತು!! ಪಹಣಿ ಫೋಲ್ಡರ್ ಕಾಪಿ ಆಗ್ತಿದೆ. ತುಂಬಾ ಥ್ಯಾಂಕ್ಸ್.

ಅಡಿಕೆಸಿಪ್ಪೆ:
ನಮ್ಮನೇಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇನ್ವರ್ಟರ್ ಮೇಲೆ ಸದಾ ಆನ್. ಫೋಟೋ ಬೇಕಾದ್ರೆ ಹಾಕ್ತೀನಿ.

ತುಂಗಾತೀರ:
ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಪದೇ ಪದೇ ಹೋಗುತ್ತೆ. ಕರೆಂಟ್ ಬಂದಾಗ ಪಿಸಿ ತಾನಾಗೇ ಆನ್ ಆಗೋ ಹಾಗೆ ಮಾಡಬಹುದಾ?

ಘಟ್ಟದಕೆಳಗೆ:
ಪಿಸಿ ಆನ್ ಆಗುವಾಗ ತೆರೆಯೋ ಬಯೋಸ್ ಮೆನುವಿನಲ್ಲಿ ಅದಕ್ಕೆ ಪವರ್ ಲಾಸ್ ಸೆಟ್ಟಿಂಗ್ ಇರುತ್ತೆ. ಮದರ್‌ಬೋರ್ಡ್ ಯಾವುದು?