ಸಹಾಯ ಬೇಕು: ಸ್ಟ್ರೀಟ್ ವಾದಕ್ಕೆ ಎನೋಕ್ ಉತ್ತರ ನಿಲ್ಲುತ್ತದೆಯೇ?

ನೀತಿಯ ಜ್ಞಾನಮೀಮಾಂಸೆ (ಒಳಿತು ಕೆಡುಕು ನಮಗೆ ತಿಳಿಯುವುದು ಹೇಗೆ ಎಂಬ ಚರ್ಚೆ) ಬಲ್ಲವರು ಈ ಗಂಟು ಬಿಡಿಸಿಕೊಡಿ.

ತತ್ವಶಾಸ್ತ್ರಜ್ಞೆ ಶ್ಯಾರನ್ ಸ್ಟ್ರೀಟ್ 2006ರಲ್ಲಿ ಮಂಡಿಸಿದ ವಾದ ಇದು: ಮಕ್ಕಳನ್ನು ಸಾಕಬೇಕು, ಉಪಕಾರ ತೀರಿಸಬೇಕು ಎಂಬಂಥ ಅನಿಸಿಕೆಗಳು ನಮ್ಮಲ್ಲಿ ಬೇರೂರಿದ್ದು ಅವು ಪೂರ್ವಜರ ಸಂತಾನ ಉಳಿಸಿದ್ದಕ್ಕೆ, ನಿಜವಾಗಿದ್ದಕ್ಕಲ್ಲ. ಹಾಗಾದರೆ ನಮ್ಮ ಮನಸ್ಸಿನ ಹಂಗಿಲ್ಲದ ನೈತಿಕ ಸತ್ಯಗಳಿದ್ದರೂ, ಅವುಗಳಿಗೂ ನಮ್ಮ ನಂಬಿಕೆಗಳಿಗೂ ತಾಳೆಯಾದರೆ ಅದು ಬರೀ ಕಾಕತಾಳೀಯ.

ಅಂಥ ಸತ್ಯಗಳಿವೆ ಎನ್ನುವ ತತ್ವಶಾಸ್ತ್ರಜ್ಞ ಡೇವಿಡ್ ಎನೋಕ್ ಆ ಸತ್ಯಗಳಿಗೂ ನಮ್ಮ ನಂಬಿಕೆಗಳಿಗೂ ನಡುವೆ ಒಂದು ಕೊಂಡಿ ಹಾಕುತ್ತಾರೆ. ಬದುಕುಳಿಯುವುದು ತಕ್ಕಮಟ್ಟಿಗಾದರೂ ಒಳ್ಳೆಯದು, ವಿಕಾಸ ನಮ್ಮನ್ನು ಅತ್ತಲೇ ತಳ್ಳಿತು, ಹಾಗಾಗಿ ತಾಳೆ.

ತೊಡಕು ಮೊದಲ ಹೆಜ್ಜೆಯಲ್ಲೇ ಇದೆ. 'ಬದುಕುಳಿಯುವುದು ಒಳ್ಳೆಯದು' ಎಂಬುದೂ ಮೌಲ್ಯದ ನಂಬಿಕೆಯೇ, ಅದರ ಮೇಲೂ ಅದೇ ಶಂಕೆ. ಆತ್ಮಾಶ್ರಯ ದೋಷ (ಸಾಧಿಸಬೇಕಾದ್ದನ್ನೇ ಆಧಾರವಾಗಿ ಹಿಡಿಯುವುದು) ಎಂದು ತಳ್ಳಿಹಾಕೋಣವೆಂದರೆ ಕಣ್ಣಿಗೂ ಅದೇ ಗತಿ: ಕಣ್ಣು ನಂಬಲರ್ಹ ಎನ್ನುವ ಜೀವಶಾಸ್ತ್ರವನ್ನೂ ಕಣ್ಣಿಂದಲೇ ಕಲಿತದ್ದು.

ವ್ಯತ್ಯಾಸ ಎಲ್ಲಿದೆ? ಕಣ್ಣಿನ ವಿಕಾಸವನ್ನು ವಿವರಿಸಲು ಎದುರಿಗೆ ನಿಜವಾಗಿ ಹುಲಿ ಇತ್ತು ಎನ್ನಲೇಬೇಕು. ನೀತಿಯ ವಿವರಣೆಗೆ ನೈತಿಕ ಸತ್ಯ ಬೇಕೇ ಇಲ್ಲ. ಇಷ್ಟು ಸಾಕೇ? ನನಗೆ ಸಾಲದೆನಿಸುತ್ತದೆ, ಏಕೆಂದರೆ ಗಣಿತದ ನಂಬಿಕೆಗಳು ಹೇಗೆ ಬಂದವೆಂದು ವಿವರಿಸಲೂ ಗಣಿತದ ಸತ್ಯ ಬೇಕಿಲ್ಲ ಎನ್ನಬಹುದು, ಆಗ ಗಣಿತಕ್ಕೂ ಇದೇ ಪೆಟ್ಟು ಬೀಳುತ್ತದೆ.

ಸ್ಟ್ರೀಟ್ ಪರ ಗಟ್ಟಿಯಾಗಿ ವಾದಿಸಬಲ್ಲವರು ಬೇಕು. 'ಅವರವರ ನೀತಿ ಅವರವರಿಗೆ' ಎಂಬ ಉತ್ತರ ದಯವಿಟ್ಟು ಬೇಡ.