ಉಡುಪಿ ಬಿಟ್ಟು ಬೆಂಗಳೂರಿಗೆ ಹೋಗಬೇಕೇ? ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ

ಪ್ರಶ್ನೆ: ಅಂಬಲಪಾಡಿ ನಿವಾಸಿ

ನಾನು ಮಣಿಪಾಲದ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಕಂಪನಿಯೊಂದು ಈಗಿನದಕ್ಕಿಂತ ತಿಂಗಳಿಗೆ 40,000 ರೂಪಾಯಿ ಹೆಚ್ಚು ಸಂಬಳದ ಹುದ್ದೆ ಕೊಡಲು ಒಪ್ಪಿದ್ದು, ತಿಂಗಳ ಕೊನೆಯೊಳಗೆ ಉತ್ತರ ಕೇಳಿದೆ. ಹೆಂಡತಿ ಇಲ್ಲಿನ ಶಾಲೆಯೊಂದರಲ್ಲಿ ಶಿಕ್ಷಕಿ. ಮಗಳು ಸಿಬಿಎಸ್‌ಇ ಒಂಬತ್ತನೆಯ ತರಗತಿಯಲ್ಲಿದ್ದಾಳೆ.

ನನ್ನನ್ನು ತಡೆಯುತ್ತಿರುವುದು ಅಮ್ಮನ ವಿಷಯ. ಅವರಿಗೆ 76 ವರ್ಷ, ಸಕ್ಕರೆ ಕಾಯಿಲೆಯ ಜೊತೆಗೆ ಉಬ್ಬಸವೂ ಇದೆ. ಅಪ್ಪ ಕಟ್ಟಿಸಿದ ಹಂಚಿನ ಮನೆ, ಬಾವಿ, ಹಿತ್ತಿಲಿನ ತೆಂಗಿನ ಮರಗಳು ಎಲ್ಲವೂ ಇಂದಿಗೂ ಅವರ ಉಸ್ತುವಾರಿಯಲ್ಲೇ ಇವೆ. ಕೇಳಿದರೆ "ನೀವು ಹೋಗಿ, ನಾನು ಇಲ್ಲೇ ಇರುತ್ತೇನೆ" ಎನ್ನುತ್ತಾರೆ. ಅದನ್ನು ಒಪ್ಪಿಗೆಯೆಂದು ತಿಳಿಯಬೇಕೋ, ಮಗನ ದಾರಿಗೆ ಅಡ್ಡ ಬರಬಾರದೆಂಬ ಸಂಕೋಚವೆಂದು ತಿಳಿಯಬೇಕೋ ನನಗೆ ಅರ್ಥವಾಗುತ್ತಿಲ್ಲ. ಇಂಥ ಸಂದರ್ಭವನ್ನು ಎದುರಿಸಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಕದ್ರಿಯಿಂದ

ಮೊದಲು ಮನೆಗೆ ಬರುವ ಒಟ್ಟು ಹಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನಿಮ್ಮ ಹೆಂಡತಿಯವರು ಕೆಲಸ ಬಿಡಬೇಕಾಗಿ ಬಂದರೆ, ಸ್ವಂತ ಮನೆಯಲ್ಲಿರುವ ನೀವು ಅಲ್ಲಿ ಬಾಡಿಗೆ, ಅಡ್ವಾನ್ಸ್, ಮೇಂಟೆನೆನ್ಸ್ ಎಲ್ಲವನ್ನೂ ತೆರಬೇಕಾದರೆ, ಆ 40,000 ರೂಪಾಯಿಯಲ್ಲಿ ಉಳಿಯುವುದು ಬಹಳ ಕಡಿಮೆ.

ನೀರಿನ ಬಗ್ಗೆಯೂ ವಿಚಾರಿಸಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಆ ಭಾಗದ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರನ್ನೇ ನಂಬಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊರವಲಯದ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದೆಯಾದರೂ, ನೀವು ನೋಡುವ ಕಟ್ಟಡಕ್ಕೆ ಸಂಪರ್ಕ ಸಿಕ್ಕಿದೆಯೇ ಎಂಬುದನ್ನು ಮಾಲೀಕರ ಜೊತೆಗೆ ಅಲ್ಲಿನ ವಾಚ್‌ಮ್ಯಾನ್ ಬಳಿಯೂ ಕೇಳಿ. 2019ರ ಮೇ ತಿಂಗಳಲ್ಲಿ ಬಜೆಯಲ್ಲಿ ಸ್ವರ್ಣಾ ನದಿ ಬತ್ತಿ ಉಡುಪಿ ನಗರವೂ ಪರದಾಡಿತ್ತು, ನಿಜ. ಆದರೆ ನಿಮಗೆ ಸ್ವಂತ ಬಾವಿಯಿದೆ.

ಉತ್ತರ: ಕಾರ್ಕಳದವರು, ಈಗ ಬೆಂಗಳೂರಿನಲ್ಲಿ

ನಿಮ್ಮ ಪ್ರಶ್ನೆಯ ತಿರುಳು ಅಮ್ಮನೇ ಆಗಿರುವುದರಿಂದ ಅದನ್ನೇ ಹೇಳುತ್ತೇನೆ. ಅವರನ್ನು ಒಬ್ಬರೇ ಬಿಟ್ಟು ಹೋಗುವುದಾದರೆ, ಜುಲೈ ತಿಂಗಳ ಒಂದು ರಾತ್ರಿ ಪಕ್ಕದ ಮನೆಯವರು ಫೋನ್ ಮಾಡಿ "ಅಮ್ಮನಿಗೆ ಉಸಿರಾಡಲು ಕಷ್ಟವಾಗುತ್ತಿದೆ" ಎಂದರೆ ನೀವು ಎಷ್ಟು ಹೊತ್ತಿಗೆ ಊರು ಮುಟ್ಟಬಲ್ಲಿರಿ ಎಂದು ಯೋಚಿಸಿ. ನಕ್ಷೆಯಲ್ಲಿ ಅದು ಒಂದು ರಾತ್ರಿಯ ಬಸ್ಸಿನ ದೂರ. ಮಳೆಗಾಲದಲ್ಲಿ ಆ ಲೆಕ್ಕವನ್ನು ನಂಬಲಾಗದು. 2018ರ ಆಗಸ್ಟ್‌ನಲ್ಲಿ ಶಿರಾಡಿ ಮತ್ತು ಸಂಪಾಜೆ ಎರಡೂ ದಾರಿಗಳು ಕುಸಿದವು, ಘಾಟಿಯ ರೈಲೂ ನಿಂತಿತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜರಿದು ಮತ್ತೆ ರೈಲುಗಳು ರದ್ದಾದವು. ಚಾರ್ಮಾಡಿ, ಆಗುಂಬೆಗಳ ಮೇಲೂ ಜೋರು ಮಳೆಯಲ್ಲಿ ಭರವಸೆ ಇಡುವಂತಿಲ್ಲ. ವಿಮಾನ ಹಿಡಿದರೂ ಬಜ್ಪೆಯಲ್ಲಿ ಮೋಡ ಕವಿದರೆ ಇಳಿಯುವುದು ಕಷ್ಟ. ಇಳಿದ ಮೇಲೂ ಉಡುಪಿಗೆ ರಸ್ತೆಯಲ್ಲೇ ಬರಬೇಕು.

ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಮನೆಗೆ ಬೀಗ ಬೀಳುತ್ತದೆ. ನಮ್ಮ ಕಡೆಯ ಮಳೆಗೆ ಮುಚ್ಚಿದ ಮನೆ ಏನಾಗುತ್ತದೆಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ: ಒಂದು ಹಂಚು ಜಾರಿದ್ದು ಯಾರ ಕಣ್ಣಿಗೂ ಬೀಳದೆ ಪಕಾಸಿಗೆ ನೀರಿಳಿದು ಗೆದ್ದಲು ಹತ್ತಿತು, ಕಪಾಟಿನಲ್ಲಿದ್ದ ಸೀರೆಗಳ ಮಡಿಕೆಯುದ್ದಕ್ಕೂ ಬೂಸ್ಟು ಬಂತು. ಯಾರಾದರೂ ವಾರಕ್ಕೊಮ್ಮೆ ಬಾಗಿಲು ತೆಗೆದು ಒಲೆ ಹಚ್ಚುವ ವ್ಯವಸ್ಥೆ ಮಾಡದೆ ಹೊರಡಬೇಡಿ.

ಮಗಳ ವಿಷಯ ಅಷ್ಟು ಜಟಿಲವಲ್ಲ. ಸಿಬಿಎಸ್‌ಇಯಲ್ಲಿ ಒಂಬತ್ತನೆಯ ತರಗತಿಯಲ್ಲೇ ನೋಂದಣಿಯಾಗುವುದರಿಂದ ಹತ್ತಕ್ಕೆ ಶಾಲೆ ಬದಲಿಸಲು ಮಂಡಳಿಯ ಅನುಮತಿ ಬೇಕು. ಹತ್ತು ಮುಗಿಯುವವರೆಗೆ ಕದಲಿಸದಿರುವುದು ಒಳ್ಳೆಯದು. ನನ್ನ ಅಭಿಪ್ರಾಯದಲ್ಲಿ, ಅಲ್ಲಿಯವರೆಗೆ ನೀವೊಬ್ಬರೇ ಹೋಗಿ ಪಿಜಿಯಲ್ಲಿದ್ದು ನೋಡಿ.

ಉತ್ತರ: ಸುರತ್ಕಲ್‌ನಿಂದ

ಮೇಲಿನವರ ಮಾತು ಸರಿಯೇ, ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ನಿಮ್ಮ ಕ್ಷೇತ್ರದವರಿಗೆ ನಮ್ಮ ಜಿಲ್ಲೆಗಳಲ್ಲಿ ಮೇಲಿನ ಹುದ್ದೆಗಳು ಕಡಿಮೆಯಾಗುತ್ತಿವೆ. ಮಣಿಪಾಲದಲ್ಲಿ ಪ್ರಧಾನ ಕಚೇರಿಯಿದ್ದ ಸಿಂಡಿಕೇಟ್ ಬ್ಯಾಂಕ್, ಮಂಗಳೂರಿನಲ್ಲಿದ್ದ ಕಾರ್ಪೊರೇಶನ್ ಬ್ಯಾಂಕ್ ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಅವುಗಳ ಸುತ್ತ ಬೆಳೆದಿದ್ದ ಅವಕಾಶಗಳೂ ಕರಗಿದವು. ಈಗ ಬಂದಿರುವ ಹುದ್ದೆಯನ್ನು ಬಿಟ್ಟರೆ ಇಂಥದ್ದೇ ಇನ್ನೊಂದು ಇಲ್ಲೇ ಸಿಗುತ್ತದೆಂದು ಕಾಯಬೇಡಿ. ವಾರದಲ್ಲಿ ಕೆಲವು ದಿನ ಅಥವಾ ಮಳೆಗಾಲದ ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡಲು ಬಿಡುತ್ತಾರೆಯೇ ಎಂದು ಒಪ್ಪಿಗೆ ಕೊಡುವ ಮೊದಲೇ ಕೇಳಿ, ಒಪ್ಪಿದರೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಕೆಲಸಕ್ಕೆ ಸೇರಿದ ಮೇಲೆ ಕೇಳಿದರೆ ಆ ಮಾತಿಗೆ ಬೆಲೆಯಿರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮಳೆಗಾಲದ ರಿಯಾಯಿತಿಯನ್ನು ನಾಳೆಯೇ ಕೇಳುತ್ತೇನೆ. ಅದು ಸಿಕ್ಕರೆ ಮಾತ್ರ ನಾನೊಬ್ಬನೇ ಹೋಗುವುದೆಂದು ಹೆಂಡತಿಯೂ ನಾನೂ ಮಾತಾಡಿಕೊಂಡಿದ್ದೇವೆ. ಮುಂದೆ ಅಮ್ಮ ಅಲ್ಲಿಗೆ ಹೊಂದಿಕೊಳ್ಳುತ್ತಾರೆಯೇ ಎಂದು ತಿಳಿಯಲು ಅವರನ್ನು ಯಾವಾಗ ಕರೆದುಕೊಂಡು ಹೋಗಿ ಇರಿಸಿಕೊಂಡರೆ ಒಳ್ಳೆಯದು? ಏಪ್ರಿಲ್ ರಜೆಯಲ್ಲೇ?

ಉತ್ತರ: ಕಾರ್ಕಳದವರು, ಈಗ ಬೆಂಗಳೂರಿನಲ್ಲಿ

ಏಪ್ರಿಲ್ ಬೇಡ, ಡಿಸೆಂಬರ್–ಜನವರಿಯಲ್ಲಿ ಕರೆದುಕೊಂಡು ಬನ್ನಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕರಾವಳಿಯ ಸೆಕೆಗೆ ಒಗ್ಗಿದ ಉಬ್ಬಸದವರಿಗೆ ಇಲ್ಲಿನ ಬೆಳಗಿನ ಚಳಿ ಮತ್ತು ಧೂಳು ಎರಡೂ ಒಟ್ಟಿಗೆ ತೊಂದರೆ ಕೊಡುವುದು ಆಗಲೇ. ಹೊರಡುವ ಮೊದಲು ಈಗ ನೋಡುತ್ತಿರುವ ವೈದ್ಯರಿಂದ ಔಷಧಿಗಳ ಪಟ್ಟಿ ಮತ್ತು ಹಳೆಯ ವರದಿಗಳ ಪ್ರತಿ ಪಡೆದುಕೊಂಡಿರಿ. ನೆಲಮಹಡಿಯ ಮನೆಯನ್ನೇ ಹುಡುಕಿ, ಆಗ ಅಮ್ಮ ಯಾರ ಸಹಾಯವೂ ಇಲ್ಲದೆ ಹೊರಗೆ ಬಂದು ಕುಳಿತುಕೊಳ್ಳಬಹುದು.